ಸವದತ್ತಿಯ ಗುಡ್ಡ ಮತ್ತು ತಾಯಿಯ ಹೆಸರು

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಜತ್ತ, ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ಅನೇಕ ಮನೆಗಳ ಮುಖ ಬೆಳಗಾವಿ ಜಿಲ್ಲೆಯ ಸವದತ್ತಿಯ ಕಡೆಗೆ ತಿರುಗುತ್ತದೆ. ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ಹಾದಿಯಲ್ಲಿ ಈಗ ಬಸ್ಸು, ಟ್ರ್ಯಾಕ್ಟರುಗಳು ಸಾಗುತ್ತವೆ. ರಟ್ಟರ ಕಾಲದಲ್ಲಿ ಸುಗಂಧವರ್ತಿ ಎನಿಸಿದ್ದ ಊರನ್ನು ದಾಟಿ ಕೆಲವು ಕಿಲೋಮೀಟರು ನಡೆದರೆ ಎಲ್ಲಮ್ಮನ ಗುಡ್ಡ. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ‘ಉಧೋ ಉಧೋ’ ಎನ್ನುತ್ತ ಜನ ಮೇಲೇರುತ್ತಾರೆ. ತಲೆಯ ಮೇಲೆ ದೇವಿಯ ಜಗ ಹೊತ್ತ ಜೋಗತಿಯರು ಚೌಡಿಕೆಯ ನಾದಕ್ಕೆ ಹಾಡುತ್ತ ಸಾಗುತ್ತಾರೆ.

ಗುಡ್ಡದ ಕಥೆಯೂ ಹೆಣ್ಣಿನ ನೋವಿನ ಕಥೆಯೇ. ನೀರು ತರಲು ಹೋದ ರೇಣುಕೆಯ ಮನಸ್ಸು ಕ್ಷಣಕಾಲ ಚಂಚಲವಾಯಿತೆಂದು ಪತಿ ಜಮದಗ್ನಿ ಮುನಿದ. ಮಗ ಪರಶುರಾಮನಿಂದಲೇ ತಾಯಿಯ ಶಿರಚ್ಛೇದವಾಯಿತು. ಜಮದಗ್ನಿಯ ಮರಣವನ್ನು ನೆನೆದು ಹೊಸ್ತಿಲ ಹುಣ್ಣಿಮೆಯಂದು ಜೋಗತಿಯರು ಕೈಬಳೆ ಒಡೆಯುತ್ತಾರೆ. ಭಾರತ ಹುಣ್ಣಿಮೆಗೆ ಮತ್ತೆ ತೊಡುತ್ತಾರೆ. ದೇವಿಯೊಂದಿಗೆ ವಿಧವೆಯಾಗಿ, ದೇವಿಯೊಂದಿಗೆ ಮುತ್ತೈದೆಯಾಗುವ ಈ ಹೆಂಗಸರಲ್ಲಿ ಅನೇಕರಿಗೆ ಮನೆಯಲ್ಲಿ ಗಂಡನೆಂಬವನು ಎಂದೂ ಇರಲಿಲ್ಲ.

ಕೆಂಪು ಬಿಳಿ ಮಣಿಗಳ ಸರವನ್ನು ಬಾಲೆಯ ಕೊರಳಿಗೆ ಬಿಗಿಯುವುದಕ್ಕೆ ‘ಮುತ್ತು ಕಟ್ಟುವುದು’ ಎಂದು ಹೆಸರು. ಮನೆಯಲ್ಲಿ ಕಾಯಿಲೆ ಬಂದರೆ ಹರಕೆ. ಮಗುವಿನ ಕೂದಲು ಜಡೆಗಟ್ಟಿದರೆ ದೇವಿಯ ಕರೆ. ಗಂಡುಮಕ್ಕಳಿಲ್ಲದಿದ್ದರೆ ಮುಪ್ಪಿನ ಕಾಲಕ್ಕೆ ಆಸರೆ. ಆದವಾನಿ, ರಾಯದುರ್ಗ, ಬಳ್ಳಾರಿ ಸೀಮೆಯಲ್ಲಿ ಇಂಥವಳನ್ನು ಬಸವಿ ಎಂದರು. ಅಲ್ಲಿ ಬಸವಿಯಾದ ಮಗಳು ಗಂಡುಮಗನಂತೆ ತಂದೆಯ ಆಸ್ತಿಗೆ ಬಾಧ್ಯಳಾಗುತ್ತಿದ್ದಳು. ತೆಲಂಗಾಣದಲ್ಲಿ ಜೋಗಿನಿ ಎಂಬ ಹೆಸರು. ಹೆಸರು ಯಾವುದಾದರೂ, ಮುತ್ತು ಕಟ್ಟಿಸಿಕೊಂಡವರು ಬಹುಪಾಲು ದಲಿತ ಕೇರಿಗಳ ಬಡ ಹುಡುಗಿಯರು. ದೇವರಿಗೆ ಬಿಟ್ಟವಳೆಂದು ಹೇಳಿದರೂ, ದೇವರ ಹೆಸರಿನಲ್ಲಿ ಅವಳನ್ನು ಪಡೆಯುತ್ತಿದ್ದವನು ಊರಿನ ಉಳ್ಳವನು. ಅವನ ಹೊಲದಲ್ಲಾಗಲಿ, ಹೆಸರಿನಲ್ಲಾಗಲಿ ಅವಳ ಮಕ್ಕಳಿಗೆ ಪಾಲಿರಲಿಲ್ಲ.

ಹಾಗೆಂದು ಜೋಗತಿಯರೆಲ್ಲರೂ ಮೈಮಾರಿ ಬದುಕಿದವರೆಂದು ತಿಳಿಯುವುದು ತಪ್ಪು. ಜೋಗ ಬೇಡಿ, ಹಾಡಿ, ಕೂಲಿನಾಲಿ ಮಾಡಿ ಬಾಳಿದವರು ಅಸಂಖ್ಯರು. ಆದರೆ ಆಶ್ರಯ ಕೊಟ್ಟವನು ಕೈಬಿಟ್ಟಾಗ, ಬರಗಾಲ ಬಂದಾಗ, ತವರಿನ ಒಲೆ ಉರಿಯಬೇಕಾದಾಗ ದಲ್ಲಾಳಿಗಳು ತೋರಿಸಿದ ಹಾದಿ ಸಾಂಗಲಿಗೆ, ಪುಣೆಗೆ, ಮುಂಬಯಿಯ ಕಾಮಾಠಿಪುರಕ್ಕೆ ಹೋಯಿತು. ಆ ನಗರಗಳ ಇಕ್ಕಟ್ಟಿನ ಗಲ್ಲಿಗಳಲ್ಲಿ ಕನ್ನಡ ಕೇಳಿಸುವುದಕ್ಕೆ ಇದೇ ಕಾರಣ. ಅಲ್ಲಿಂದ ಬಂದ ಮನಿಯಾರ್ಡರಿನಿಂದ ತಮ್ಮನ ಓದು, ತಂಗಿಯ ಮದುವೆ ನಡೆದವು. ದುಡ್ಡು ಕಳುಹಿಸಿದವಳಿಗೆ ಮಾತ್ರ ಊರು ಹಗುರವಾದ ಒಂದು ಶಬ್ದವನ್ನು ಇಟ್ಟಿತು.

ಆ ಶಬ್ದಕ್ಕೂ ಒಂದು ಚರಿತ್ರೆಯಿದೆ. ಸವದತ್ತಿಯ ಬಳಿ ಹರಿಯುವ ಮಲಪ್ರಭೆಯ ಕೊಳ್ಳದಲ್ಲಿಯೇ, ಬಾದಾಮಿಯ ಹತ್ತಿರ, ಮಹಾಕೂಟವಿದೆ. ಅಲ್ಲಿಯ ಕನ್ನಡ ಶಾಸನವೊಂದು ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿಯನ್ನು ‘ಸೂಳೆ’ ಎಂದೇ ಕರೆಯುತ್ತದೆ. ಬೈಯುವುದಕ್ಕಲ್ಲ, ಆಕೆ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಭೂಮಿ ಕೊಟ್ಟದ್ದನ್ನು ದಾಖಲಿಸುವುದಕ್ಕೆ. ಆಕೆಯ ಪರಿಚಯವನ್ನು ಆ ಕಲ್ಲು ತಾಯಿ ಮತ್ತು ಅಜ್ಜಿಯ ಹೆಸರಿನಿಂದ ಕೊಡುತ್ತದೆ. 12ನೆಯ ಶತಮಾನದ ಶರಣೆ ಸಂಕವ್ವೆಯ ಹೆಸರಿನ ಹಿಂದೆಯೂ ಇದೇ ಶಬ್ದವಿದೆ. ‘ನಿರ್ಲಜ್ಜೇಶ್ವರ’ ಎಂಬ ಅಂಕಿತದ ಒಂದೇ ವಚನದಿಂದ ಆಕೆ ಕನ್ನಡ ಸಾಹಿತ್ಯದಲ್ಲಿ ಉಳಿದಿದ್ದಾಳೆ. ಅರಮನೆಯ ಆಸರೆ ಪಡೆದ ವಿನಾಪೋಟಿಯ ಸಿರಿಯೇ ಬೇರೆ, ಕೇರಿಯ ಹುಡುಗಿಯ ಪಾಡೇ ಬೇರೆ. ಆದರೂ ತಾಯಿಯ ಹೆಸರು ಒಬ್ಬಳ ಗುರುತಿಗೆ ಸಾಕೆಂದು ಕನ್ನಡದ ಕಲ್ಲೊಂದು ಸುಮಾರು 1300 ವರ್ಷಗಳ ಹಿಂದೆಯೇ ಒಪ್ಪಿತ್ತು.

ಕಾನೂನು ಈ ಗುಡ್ಡವನ್ನು ನಿಧಾನವಾಗಿ ಏರಿತು. ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಮದ್ರಾಸಿನಲ್ಲಿ 1947ರಲ್ಲಿ ದೇವದಾಸಿ ಕಾಯಿದೆಗಳು ಬಂದವು. ಆದವಾನಿ, ರಾಯದುರ್ಗ ಆಗ ಮದ್ರಾಸಿಗೆ ಸೇರಿದ್ದವು. ಕರ್ನಾಟಕ 1982ರಲ್ಲಿ, ಆಂಧ್ರಪ್ರದೇಶ 1988ರಲ್ಲಿ ತಮ್ಮ ಕಾಯಿದೆಗಳನ್ನು ಮಾಡಿದವು. ಬಹಿರಂಗವಾಗಿ ನಡೆಯುತ್ತಿದ್ದ ಮುತ್ತು ಕಟ್ಟುವ ಕಾರ್ಯ ಮನೆಯ ಮೂಲೆಗೆ ಸರಿಯಿತೇ ಹೊರತು ಒಮ್ಮೆಲೇ ನಿಲ್ಲಲಿಲ್ಲ. ಕರ್ನಾಟಕದ 1993-94ರ ಸಮೀಕ್ಷೆ 22,873 ದೇವದಾಸಿಯರನ್ನು ಗುರುತಿಸಿತು. 2007-08ರ ಸಮೀಕ್ಷೆಯ ಬಳಿಕ ಒಟ್ಟು ಸಂಖ್ಯೆ 46,660 ಆಯಿತು.

ಕಾಯಿದೆಗಿಂತ ಆಳಕ್ಕಿಳಿದದ್ದು ಆ ಹೆಂಗಸರದೇ ಸಂಘಟನೆ. ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ಹುಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದವರು ಮಾಜಿ ದೇವದಾಸಿಯರು. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಅದರ ಮುಂದಾಳಾಗಿ ಬೆಳೆದು 2018ರಲ್ಲಿ ಪದ್ಮಶ್ರೀ ಪಡೆದರು. ಗಡಿಯಾಚೆ ಸಾಂಗಲಿಯಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಎಂಬ ಸಂಘಟನೆ 1996ರಿಂದ ಬೇರೊಂದು ದಾರಿ ಹಿಡಿದಿದೆ: ಈ ವೃತ್ತಿಯಲ್ಲಿರುವವರಿಗೂ ಪೊಲೀಸರ, ಗೂಂಡಾಗಳ ಹಿಂಸೆಯಿಲ್ಲದೆ ಬಾಳುವ ಹಕ್ಕಿದೆ ಎಂಬುದು ಅದರ ವಾದ. ದಾರಿಗಳು ಎರಡಾದರೂ ತಮ್ಮ ಮಕ್ಕಳು ಶಾಲೆಗೆ ಹೋಗಬೇಕೆಂಬ ಮಾತಿನಲ್ಲಿ ಇಬ್ಬರಲ್ಲೂ ಭಿನ್ನಾಭಿಪ್ರಾಯವಿಲ್ಲ.

ಅಲ್ಲಿಯೇ ಕೊನೆಯ ಅಡ್ಡಿ ಎದುರಾಗುತ್ತದೆ. ಶಾಲೆಯ ಪ್ರವೇಶ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ಎಷ್ಟೋ ತಾಯಂದಿರ ಬೆರಳು ನಿಂತಿದೆ. ಕೆಲವರು ಅಜ್ಜನ ಹೆಸರು ಬರೆಸಿದರು, ಕೆಲವರು ದೇವರ ಹೆಸರು. ಕೆಲವರು ಮಗುವಿನ ಕೈಹಿಡಿದು ಮನೆಗೆ ಮರಳಿದರು. ಅವಿವಾಹಿತ ತಾಯಿ ಮಗುವಿನ ಪಾಲಕಳಾಗಲು ತಂದೆಯ ಹೆಸರನ್ನು ಹೇಳಬೇಕಿಲ್ಲವೆಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪಿತ್ತಿದೆ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರಿನ ನಂತರ ತಾಯಿಯ ಹೆಸರು, ಅನಂತರ ತಂದೆಯ ಹೆಸರು ಬರಬೇಕೆಂಬ ನಿಯಮವಾಗಿದೆ.

ಜಾತ್ರೆ ಮುಗಿದ ಮೇಲೆ ಗುಡ್ಡ ಇಳಿದವರು ಭಂಡಾರ, ಹೊಸ ಬಳೆ, ಪಳಾರಗಳನ್ನು ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಮರಳುತ್ತಾರೆ. ಜೂನ್ ತಿಂಗಳಲ್ಲಿ ಅದೇ ಊರುಗಳ ಕನ್ನಡ ಶಾಲೆಗಳ ಬಾಗಿಲು ತೆರೆಯುತ್ತದೆ. ಆಗ ತಾಯಿಯೊಬ್ಬಳು ತನ್ನ ಹೆಸರನ್ನಷ್ಟೇ ಹೇಳಿ ಸುಮ್ಮನೆ ನಿಂತರೆ ಗುರುಗಳು ಮರುಪ್ರಶ್ನೆಯಿಲ್ಲದೆ ಬರೆದುಕೊಳ್ಳಬೇಕು; ಪಕ್ಕದಲ್ಲಿ ನಿಂತ ಪಾಲಕರು ತಿರುಗಿ ನೋಡಬಾರದು. ಅವಳು ಉಡಿ ತುಂಬಿ ಎಲ್ಲಮ್ಮನಲ್ಲಿ ಬೇಡಿಕೊಂಡದ್ದು ಬಹುಶಃ ಇಷ್ಟನ್ನೇ.