ಕೆಸರುಗದ್ದೆಯ ರಥ

ಮೂಡುಬಿದಿರೆಗೆ ಹೋದವರು ಸಾಮಾನ್ಯವಾಗಿ 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯನ್ನು ಕಂಡು ಹಿಂದಿರುಗುತ್ತಾರೆ. ಮಾಗಿಯ ದಿನಗಳಲ್ಲಿ ಹೋದವರಾದರೋ ಕಡಲಕೆರೆಯತ್ತಲೂ ಹೆಜ್ಜೆ ಹಾಕಬೇಕು. ಅಲ್ಲಿ ಕೋಟಿ-ಚೆನ್ನಯರ ಹೆಸರಿನ ಜೋಡುಕರೆ ಕಂಬಳ ನಡೆಯುತ್ತದೆ. ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿ, ಬೆಳ್ತಂಗಡಿ ತಾಲ್ಲೂಕಿನ ವೇಣೂರುಗಳ ಕರೆಗಳೂ ನೀರು ತುಂಬಿ ಕೋಣಗಳಿಗಾಗಿ ಕಾಯುತ್ತಿರುತ್ತವೆ.

1999ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಮಾಲೆಯ ‘ದಿ ಫ್ಯಾಂಟಮ್ ಮೆನೇಸ್’ ಚಿತ್ರವನ್ನು ನೋಡಿದ ಮಕ್ಕಳಿಗೆ ಈ ದೃಶ್ಯ ಅಪರಿಚಿತವೆನಿಸದು. ಆ ಚಿತ್ರದಲ್ಲಿ ಮರುಭೂಮಿಯ ಗ್ರಹವೊಂದರ ಮೇಲೆ ಪಾಡ್ ಪಂದ್ಯ ನಡೆಯುತ್ತದೆ. ಮುಂದೆ ಎರಡು ದೈತ್ಯ ಎಂಜಿನುಗಳು; ಹಿಂದೆ, ಉದ್ದನೆಯ ಹಗ್ಗಗಳ ತುದಿಯಲ್ಲಿ, ಸವಾರನ ಪುಟ್ಟ ತೊಟ್ಟಿಲು. 1959ರ ‘ಬೆನ್ ಹರ್’ ಚಿತ್ರದ ರಥಸ್ಪರ್ಧೆಯೇ ಇದರ ಪೂರ್ವಜ. ಕುದುರೆಗಳ ಸ್ಥಾನಕ್ಕೆ ಎಂಜಿನು ಬಂದಿತು, ಅಷ್ಟೇ.

ಇಂಥ ವಾಹನ ಓಡಬಲ್ಲುದೆ? ನೆಲವನ್ನು ಸೋಂಕದೆ ತೇಲುವ ಮಾತು ಹಾಗಿರಲಿ. ಆದರೆ ನಿಜವಾದ ತೊಡಕು ಹಗ್ಗದಲ್ಲಿದೆ. ಹಗ್ಗ ಎಳೆಯಬಲ್ಲುದು, ತಳ್ಳಲಾರದು. ಎಂಜಿನುಗಳು ಥಟ್ಟನೆ ನಿಧಾನಿಸಿದರೆ ಹಿಂದಿನ ತೊಟ್ಟಿಲು ಅವುಗಳಿಗೇ ಹೋಗಿ ಬಡಿಯಬೇಕು. ಎರಡು ಎಂಜಿನುಗಳೂ ಬೇರೆಬೇರೆ ದಿಕ್ಕಿಗೆ ಸರಿಯದಿರಲೆಂದು ಚಿತ್ರಕಾರರು ನಡುವೆ ಮಿಂಚಿನ ಬೆಸುಗೆಯೊಂದನ್ನು ಕಲ್ಪಿಸಿದರು. ಸವಾರ ಎಂಜಿನುಗಳ ಬಿಸಿಯುಸಿರಿನ ಹಿಂದೆಯೇ ಕುಳಿತೂ ಸುಡದೆ ಉಳಿಯುವುದು ಚಿತ್ರಕಾರರ ಔದಾರ್ಯ!

ತುಳುನಾಡಿನ ರೈತ ಈ ಲೆಕ್ಕಗಳನ್ನೆಲ್ಲ ಎಂದೋ ಬಿಡಿಸಿಟ್ಟಿದ್ದಾನೆ. ಮಿಂಚಿನ ಬೆಸುಗೆಯ ಬದಲು ಮರದ ನೊಗ. ಬಿರಿಯ ಬದಲು ಮಂಜೊಟ್ಟಿ: ಗಂತಿನಿಂದ ಹೊರಟ ಜೋಡಿ ಕರೆಯ ಆ ತುದಿಯಲ್ಲಿ ಏರನ್ನು ಹತ್ತಿ ತಾನಾಗಿ ವೇಗ ಕಳೆದುಕೊಳ್ಳುತ್ತದೆ, ಹಿಂದಿನವನನ್ನು ಕೆಸರೇ ಹಿಡಿದು ನಿಲ್ಲಿಸುತ್ತದೆ. ಬಿಸಿಯುಸಿರಿಗೆ ಬದಲಾಗಿ ಅವನ ಮುಖಕ್ಕೆ ಬಡಿಯುವುದು ಗೊರಸಿನ ರಾಡಿ. ಹಗ್ಗ, ನೇಗಿಲು, ಅಡ್ಡಹಲಗೆ ಎಂಬ ವಿಭಾಗಗಳೆಲ್ಲ ಒಂದೊಂದು ಬಗೆಯ ವಾಹನವೇ. ಕನೆಹಲಗೆಯದಂತೂ ವಿಚಿತ್ರ. ಅಲ್ಲಿ ಮೊದಲು ಮುಟ್ಟಿದವನು ಗೆಲ್ಲುವುದಿಲ್ಲ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ವೇಗವನ್ನು ನೀರಿನಿಂದ ಅಳೆಯುವ ಇಂಥ ಮಾಪಕ ಯಾವ ಚಿತ್ರಕಾರನಿಗೂ ಹೊಳೆದಂತಿಲ್ಲ.

ಒಂದು ವ್ಯತ್ಯಾಸವನ್ನು ಮರೆಯಲಾಗದು. ಎಂಜಿನಿಗೆ ನೋವಿಲ್ಲ, ಕೋಣಕ್ಕೆ ಉಂಟು. ಆ ಬಾಸುಂಡೆಗಳ ಪ್ರಶ್ನೆಯೇ ಕಂಬಳವನ್ನು ನ್ಯಾಯಾಲಯಕ್ಕೆ ಎಳೆಯಿತು. ಕೆಲಕಾಲ ಕರೆಗಳು ಬರಿದಾಗಿದ್ದವು. ಕರ್ನಾಟಕದ ತಿದ್ದುಪಡಿ ಶಾಸನವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದುದು 2023ರ ಮೇ 18ರಂದು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕೋಣಗಳು ಓಡಿದವು.

2020ರ ಫೆಬ್ರವರಿಯಲ್ಲಿ ಮೂಡುಬಿದಿರೆ ಬಳಿಯ ಮಿಜಾರಿನ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ 142.5 ಮೀಟರುಗಳನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರು. ಯಾರೋ ಭಾಗಿಸಿ ನೋಡಿದರು: ನೂರು ಮೀಟರಿಗೆ 9.55! ಉಸೇನ್ ಬೋಲ್ಟರ 2009ರ ದಾಖಲೆ 9.58. ದೇಶವೆಲ್ಲ ಗದ್ದಲ. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿಗೆ ಮುಗಿಸಿದರು.

ಭಾಗಾಕಾರ ಸರಿ, ಹೋಲಿಕೆ ಸರಿಯಲ್ಲ. ಓಟದ ಆರಂಭವೇ ಅತ್ಯಂತ ನಿಧಾನ. ಓಟ ಉದ್ದವಾದಷ್ಟೂ ಆ ನಷ್ಟ ಹಂಚಿಹೋಗುತ್ತದೆ. ಮೇಲಾಗಿ, ಮುಂದಿನಿಂದ ಎಳೆಯಲ್ಪಟ್ಟವನು ಸ್ವಬಲವನ್ನು ಮೀರಿ ಓಡಬಲ್ಲನು. ಆದರೆ ಹಗ್ಗ ಯಾರನ್ನೂ ನೆಟ್ಟಗೆ ನಿಲ್ಲಿಸದು. ಗಂಟೆಗೆ 37 ಕಿಲೋಮೀಟರು ಮೀರಿದ ವೇಗದಲ್ಲಿ, ನೆಲ ಕಾಣದ ನೀರಿನೊಳಗೆ, ಹೆಜ್ಜೆ ತಪ್ಪದಂತೆ ಇಡುವ ಕಾಲು ಓಟಗಾರನದೇ.

ಕೇಂದ್ರದ ಕ್ರೀಡಾ ಸಚಿವರು ಗೌಡರನ್ನು ಟ್ರ್ಯಾಕಿನ ಪರೀಕ್ಷೆಗೆ ಆಹ್ವಾನಿಸಿದರು. ಗೌಡರು ವಿನಯದಿಂದಲೇ ನಿರಾಕರಿಸಿ ಕೋಣಗಳ ಹಿಂದೆ ಕರೆಗೆ ಮರಳಿದರು.