ಬೀಗದಕೈಯಲ್ಲೊಂದು ಪುಟ್ಟ ದೀಪ

ಮಳೆಗಾಲದ ಸಂಜೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ತರಕಾರಿ ಚೀಲ, ಕರೆಂಟು ಬೇರೆ ಇಲ್ಲ. ಬೀಗದ ತೂತು ಎಲ್ಲಿದೆಯೋ ದೇವರೇ ಬಲ್ಲ! ಈ ಪಾಡು ನಿಮಗೂ ಬಂದಿರಬೇಕಲ್ಲವೇ? ಮೊಬೈಲಿನಲ್ಲಿ ಟಾರ್ಚ್ ಇದೆ, ನಿಜ. ಅದನ್ನು ಹಿಡಿಯಲು ಮೂರನೇ ಕೈ ಎಲ್ಲಿಂದ ತರೋಣ?

ಭದ್ರಾವತಿಯ ನಮ್ಮ ಕಾಗದನಗರದಲ್ಲಿ ಮೊದಲಾದರೆ ರಾತ್ರಿಪಾಳಿಯವರ ಓಡಾಟವಿರುತ್ತಿತ್ತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್‌ನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಆಮೇಲೆ ಅಕ್ಕಪಕ್ಕದ ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಈಗ ಕತ್ತಲಲ್ಲಿ ಒಬ್ಬಳೇ ಬಾಗಿಲು ತಡಕಾಡುತ್ತ ನಿಂತರೆ ಎದೆ ಢವಗುಟ್ಟುತ್ತದೆ.

ಬೀಗದಕೈಯ ಹಿಡಿಯಲ್ಲೇ ದೀಪ ಕೂರಿಸಬೇಕೆಂದು ಹೊರಟೆ. “ಅಂಗಡೀಲಿ ಸಿಗೋಲ್ವೇನೇ?” ಅಂದರು ನಮ್ಮವರು. ಸಿಗುತ್ತೆ, ಗೊಂಚಲಿಗೆ ನೇತುಹಾಕುವಂಥದ್ದು. ಅದು ಬೀಗ ಬಿಟ್ಟು ನೆಲಕ್ಕೇ ಬೆಳಕು ಬಿಡುತ್ತದೆ!

ಬೇಕಾದದ್ದು ಇಷ್ಟೇ: 3 ವೋಲ್ಟಿನ 2032 ಬಟನ್ ಸೆಲ್, ಒಂದು ಬಿಳಿ ಎಲ್‌ಇಡಿ, ಎಂ-ಸೀಲ್, ಮುಲಾಮು ಡಬ್ಬಿಯ ತೆಳು ಮುಚ್ಚಳ. 2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಹಳೇ ಟಾರ್ಚಿನ ಬಲ್ಬನ್ನು ಇಷ್ಟು ಚಿಕ್ಕ ಸೆಲ್ ಸರಿಯಾಗಿ ಉರಿಸಲಾರದು; ಎಲ್‌ಇಡಿಗೆ ಚೂರು ಕರೆಂಟು ಸಾಕು. ಈ ಬಿಳಿ ಬೆಳಕಿಗೆ ದಾರಿ ಮಾಡಿದ ನೀಲಿ ಎಲ್‌ಇಡಿಗಾಗಿಯೇ 2014ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು.

ಎಲ್‌ಇಡಿಯ ಉದ್ದ ಕಾಲು ಸೆಲ್ಲಿನ ಪ್ಲಸ್ ಮುಖಕ್ಕೆ, ಗಿಡ್ಡ ಕಾಲು ಮೈನಸ್ ಮುಖಕ್ಕೆ. ಗಿಡ್ಡ ಕಾಲಿನಡಿ ತೂತು ಮಾಡಿದ ಫೋಮ್ ಟೇಪು ಇಟ್ಟೆ. ಮುಚ್ಚಳ ಒತ್ತಿದರೆ ಕಾಲು ತಾಗಿ ದೀಪ, ಬಿಟ್ಟರೆ ಕತ್ತಲೆ.

ಮೊದಲನೆಯದು ಬೆಳಗಾಗುವುದರೊಳಗೆ ಸತ್ತಿತ್ತು. ಬೀಗದಕೈಯ ಲೋಹ ಸೆಲ್ಲಿನ ಎರಡೂ ಕಡೆಗೆ ತಾಗಿತ್ತು. ನಡುವೆ ಹಳೇ ಎಕ್ಸ್‌ರೇ ಫಿಲ್ಮಿನ ತುಂಡು ಇಟ್ಟೆ. ಎರಡನೆಯದರಲ್ಲಿ ಬೀಗದಕೈಯ ನೆರಳೇ ತೂತಿನ ಮೇಲೆ ಬಿತ್ತು. ದೀಪವನ್ನು ತುಸು ಮೇಲೆತ್ತಿ, ತುದಿಯ ಕಡೆಗೆ ಬಾಗಿಸಿದೆ. ಸರಿಹೋಯಿತು. ಜಂಬದಿಂದ ಅಕ್ಕಪಕ್ಕದವರಿಗೆಲ್ಲ ತೋರಿಸಿದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಕೂಸು ಅದನ್ನು ಬಾಯಿಗಿಟ್ಟುಕೊಂಡಿತು. ಒತ್ತಿ ಕೂರಿಸಿದ್ದ ಮುಚ್ಚಳ ಕಳಚಿ ಸೆಲ್ ಟಣ್ ಅಂತ ನೆಲಕ್ಕೆ ಬಿತ್ತು. ನೆಲಕ್ಕೆ ಬಿತ್ತು, ಸದ್ಯ! ನನ್ನ ಕೈಕಾಲು ತಣ್ಣಗಾದವು. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟುಬಿಡಬಹುದು. ಬೆಳಕು ಕೊಡಲಾರದ ಹಳೇ ಸೆಲ್ಲೂ ಅಪಾಯವೇ. ಮಗು ನುಂಗಿತೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಿ.

ಆ ರಾತ್ರಿಯೇ ಹಿಡಿಯನ್ನು ಒಡೆದು ಹೊಸದಾಗಿ ಕಟ್ಟಿದೆ. ಈಗ ಮುಚ್ಚಳಕ್ಕೆ ಸ್ಕ್ರೂ ಇದೆ. ಸ್ಕ್ರೂಡ್ರೈವರ್ ಇಲ್ಲದೆ ಬಿಚ್ಚಲಾಗದು. ಆದರೂ ಅದು ನೇತಾಡುವುದು ನನ್ನ ತಲೆಗಿಂತ ಎತ್ತರದ ಮೊಳೆಯಲ್ಲೇ. ಹಳೇ ಸೆಲ್ಲಿಗೆ ಎರಡೂ ಕಡೆ ಟೇಪು ಸುತ್ತಿ ದೂರ ಇಡುತ್ತೇನೆ.

ನೀವೂ ಮಾಡುವುದಾದರೆ ದೀಪಕ್ಕಿಂತ ಮೊದಲು ಸ್ಕ್ರೂ ಹುಡುಕಿಟ್ಟುಕೊಳ್ಳಿ, ಆಯ್ತಾ?