ನೆಕ್ಕರ್ ದಡದ ಓಲೆಗೆಳತಿ



"ಅರವತ್ತು ದಾಟಿದ ಮೇಲೆ ಜರ್ಮನ್ ಕಲಿಯೋದೇ? ನಿನಗೇನು ಹುಚ್ಚೇನೇ?" ಎಂದು ನಮ್ಮಕ್ಕ ನಕ್ಕಿದ್ದಳು. ನಗಲಿ ಬಿಡಿ. ನನ್ನ ಮಗ, ಸೊಸೆ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಐದು ವರ್ಷದ ಮೊಮ್ಮಗಳು ಫೋನಿನ ಪರದೆಯ ಮೇಲೆ ಬಂದು, ಜರ್ಮನ್‌ನಲ್ಲಿ ಪಟಪಟನೆ ಏನೋ ಹೇಳಿ ಓಡಿಹೋಗುತ್ತಿದ್ದಳು. ಮಗುವಿನ ಮಾತೇ ಅಜ್ಜಿಗೆ ತಿಳಿಯದಿದ್ದರೆ ಆಗುವ ಸಂಕಟ ನಿಮಗೆ ನಾನು ಹೇಳಬೇಕೇ?

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮೊದಲ ಹಂತ ಮುಗಿಸಿದೆ. ವ್ಯಾಕರಣ ಬಂತು, ಬಾಯಿ ಬರಲಿಲ್ಲ! ಆಗ ಸೊಸೆ, "ಅತ್ತೆ, ಭಾಷೆ ಕಲಿಯುವವರನ್ನು ಜೊತೆಗೂಡಿಸುವ ತಾಣಗಳು ಅಂತರ್ಜಾಲದಲ್ಲಿವೆ. ಒಬ್ಬ ಓಲೆಗೆಳತಿಯನ್ನು ಹುಡುಕಿಕೊಳ್ಳಿ" ಎಂದಳು. ಹಾಗೆ ಸಿಕ್ಕಿದವರು ಟ್ಯೂಬಿಂಗೆನ್ ಊರಿನ ನಿವೃತ್ತ ಶಿಕ್ಷಕಿ. ಅವರಿಗೆ ಇಂಗ್ಲಿಷ್ ಬೇಕಿತ್ತು, ನನಗೆ ಜರ್ಮನ್. ವಾರಕ್ಕೊಂದು ಪತ್ರ, ಅರ್ಧ ಆ ಭಾಷೆ, ಅರ್ಧ ಈ ಭಾಷೆ. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುವುದು ಎಂದು ಕರಾರು.

ತಪ್ಪುಗಳೋ, ಕೇಳಬೇಡಿ! ಉಡುಗೊರೆ ತರುತ್ತೇನೆ ಎನ್ನಲು "ಗಿಫ್ಟ್ ತರುತ್ತೇನೆ" ಎಂದು ಬರೆದುಬಿಟ್ಟೆ. ಜರ್ಮನ್‌ನಲ್ಲಿ ಗಿಫ್ಟ್ ಎಂದರೆ ವಿಷ! "ವಿಷ ಬೇಡ, ಕಾಫಿಪುಡಿ ತನ್ನಿ" ಎಂದು ಉತ್ತರ ಬಂತು. ಆ ದಿನದಿಂದ ನನ್ನ ಅಂಜಿಕೆ ಅರ್ಧ ಕರಗಿತು.

ಕಳೆದ ಬೇಸಿಗೆಯಲ್ಲಿ ಮಗನ ಮನೆಗೆ ಹೋದಾಗ ರೈಲು ಹತ್ತಿ ಟ್ಯೂಬಿಂಗೆನ್‌ಗೂ ಹೋದೆ. ನೆಕ್ಕರ್ ಹೊಳೆಯ ದಡದಲ್ಲಿ ಒತ್ತೊತ್ತಾಗಿ ಬಣ್ಣದ ಮನೆಗಳು. ಗಳ ಊರಿ ನಡೆಸುವ ಉದ್ದನೆಯ ದೋಣಿಗಳು. ಕವಿ ಹೋಲ್ಡರ್ಲಿನ್ 1807ರಿಂದ 1843ರಲ್ಲಿ ಸಾಯುವವರೆಗೂ ವಾಸವಿದ್ದ ಹಳದಿ ಗೋಪುರ ನೀರಿಗೇ ಇಣುಕುತ್ತದೆ. ವಿಶ್ವವಿದ್ಯಾಲಯ 1477ರಷ್ಟು ಹಳೆಯದು.

ಸೇತುವೆಯ ಮೇಲೆ ಗೆಳತಿ, "ನಿಮ್ಮ ಕಿಟೆಲ್ ಇಲ್ಲೇ ಇದ್ದರಲ್ಲ!" ಎಂದರು. ಹೌದಲ್ಲವೇ! ಸುಮಾರು 70,000 ಪದಗಳ ಕನ್ನಡ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ನಮಗೆ ಕೊಟ್ಟ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದು ಈ ಊರಿನಲ್ಲೇ. ಕನ್ನಡ ಕಲಿಯುವಾಗ ಅವರೂ ಎಷ್ಟು ಸಲ ಎಡವಿದರೋ ಎಂದುಕೊಂಡು ಸಮಾಧಾನಪಟ್ಟೆ.

ಪುಸ್ತಕದಲ್ಲಿ ನಮಸ್ಕಾರಕ್ಕೆ "ಗೂಟೆನ್ ಟಾಗ್" ಎಂದು ಓದಿದ್ದೆ. ಅಲ್ಲಿನ ಅಂಗಡಿಗಳಲ್ಲಿ "ಗ್ರೂಸ್ ಗಾಟ್" ಅಂತಾರೆ. ಮನೆ ಎಂದರೆ "ಹೌಸ್", ಮುದ್ದಿನಿಂದ "ಹಾಯ್ಸ್‌ಲೆ". ನಮ್ಮ ಧಾರವಾಡದ ಮಾತು, ಮೈಸೂರಿನ ಮಾತು ಬೇರೆಬೇರೆ ಇಲ್ಲವೇ, ಹಾಗೆಯೇ. ಗೆಳತಿಯ ಅಡುಗೆಮನೆಯಲ್ಲಿ "ಷ್ಪೆಟ್ಸ್‌ಲೆ" ಮಾಡುವುದನ್ನೂ ನೋಡಿದೆ. ಮೊಟ್ಟೆ ಬೆರೆಸಿದ ಸಡಿಲ ಹಿಟ್ಟನ್ನು ಕುದಿಯುವ ಉಪ್ಪುನೀರಿಗೆ ಒತ್ತುವುದು. ಥೇಟ್ ನಮ್ಮ ಶಾವಿಗೆ ಒರಳಿನ ತಂಗಿ!

ಊಟದ ನಡುವೆ ಆಕೆ, "ಇನ್ನು 'ಜೀ' ಸಾಕು, 'ಡೂ' ಅನ್ನೋಣ" ಎಂದರು. ಅಂದರೆ "ನೀವು" ಬಿಟ್ಟು "ನೀನು". ಅಲ್ಲಿ ಇದು ತಾನಾಗಿ ಬಳಸುವಂಥದ್ದಲ್ಲ. ಹಿರಿಯರೇ ಮೊದಲು ಹೇಳುವುದು ವಾಡಿಕೆ. ನನಗಿಂತ ನಾಲ್ಕು ವರ್ಷ ದೊಡ್ಡವಳು ಆಕೆ. ನನ್ನ ಗಂಟಲು ಕಟ್ಟಿತು.

ನಿಮಗೂ ಆಸೆಯಾಯಿತೇ? ಹಾಗಾದರೆ ನಾಲ್ಕು ಮಾತು ಕೇಳಿ. ನಿಮ್ಮ ವಯಸ್ಸಿನ, ನಿಮ್ಮ ಅಭಿರುಚಿಯ ಹೆಂಗಸರನ್ನೇ ಹುಡುಕಿ. ವಿಳಾಸ, ಬ್ಯಾಂಕಿನ ವಿವರ ಕೊಡಬೇಡಿ. ಹಣ ಕೇಳಿದವರ ಪತ್ರ ಅಲ್ಲಿಗೇ ನಿಲ್ಲಿಸಿ. ಪತ್ರ ಚಿಕ್ಕದಿರಲಿ, ತಪ್ಪದೆ ಬರೆಯಿರಿ. ಎಲ್ಲ ತಪ್ಪನ್ನೂ ತಿದ್ದಿಸಿಕೊಳ್ಳಬೇಡಿ, ಸಲಕ್ಕೆ ಮೂರು ಸಾಕು.

ಹೊರಡುವಾಗ ಗೆಳತಿ, "ಮಗು ಏನು ಹೇಳಿದರೂ 'ಉಂಟ್ ಡಾನ್?' ಎಂದು ಕೇಳು" ಎಂದಳು. "ಆಮೇಲೆ?" ಎಂದರ್ಥ.

ಅಂದು ರಾತ್ರಿ ಮೊಮ್ಮಗಳು ಶಾಲೆಯ ಸುದ್ದಿ ತೆಗೆದಳು. ನಾನು "ಉಂಟ್ ಡಾನ್?" ಎಂದೆ. ಅವಳು ಓಡಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿ, ತೊಡೆಯೇರಿ ಕೂತು, ಕಥೆ ಮುಂದುವರಿಸಿದಳು.